ಹಿಂದಕ್ಕೆ ನಡೆದ ಹ್ಯಾಮು

ಆಲ್ಬನ್ ಮಥಾಯಸ್ ಅಡುಗೆಮನೆಯ ನಡುವೆ ನಿಂತು, ಭಾಷಣಕ್ಕೆ ಹೊರಟವನ ಹಾಗೆ ಗಂಟಲು ಸರಿಮಾಡಿಕೊಂಡಾಗಲೇ ಅವನ ಹೆಂಡತಿ ಸೆವ್ರಿನ್‌ಗೆ ಅರ್ಧ ಸಿಟ್ಟು ಬಂದಾಗಿತ್ತು. ಉಳಿದರ್ಧ ಬಂದದ್ದು, ಗ್ರೈಂಡರ್ ಇರಬೇಕಾದ ಕಟ್ಟೆಯ ಮೇಲೆ ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ಮೊಂದು ಕೂತಿದ್ದನ್ನು ಕಂಡಾಗ.

“ನನ್ನ ಗ್ರೈಂಡರ್ ಎಲ್ಲಿ?”

“ಬಚ್ಚಲ ಹತ್ತಿರ ಉಂಟು. ನೀನು ಮೊದಲು ಇದನ್ನು ನೋಡು.”

“ಇನ್ನು ಬಚ್ಚಲಲ್ಲಿ ಕೂತು ಹಿಟ್ಟು ಕಡೀಬೇಕಾ ನಾನು?”

ಈ ಪ್ರಶ್ನೆಗೂ ವಿಜ್ಞಾನಕ್ಕೂ ಸಂಬಂಧವಿಲ್ಲವೆಂದು ಆಲ್ಬನ್ ಅದನ್ನು ಹಾಗೆಯೇ ಬಿಟ್ಟ. ಮಂಗಳೂರಿನ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಜೀವಮಾನವಿಡೀ ಯಂತ್ರ ನೋಡಿಕೊಂಡವನು ಅವನು. ನಿವೃತ್ತನಾದ ಮೇಲೆ ಯಂತ್ರಗಳಿಲ್ಲದೆ ಕೈ ತುರಿಸತೊಡಗಿತು. ಕೈ ತುರಿಸಿದಾಗಲೆಲ್ಲ ಸೆವ್ರಿನ್‌ಳ ಮನೆಯಲ್ಲಿ ಏನಾದರೊಂದು ಸುಡುತ್ತಿತ್ತು ಇಲ್ಲವೇ ಸಿಡಿಯುತ್ತಿತ್ತು. ಅವನ ತೆಂಗಿನಕಾಯಿ ತುರಿಯುವ ಯಂತ್ರ ಕಿಟಕಿಯ ಪರದೆಯನ್ನು ನುಣ್ಣಗೆ ತುರಿದಿಟ್ಟಿತ್ತು. ಸೊಳ್ಳೆ ಹಿಡಿಯುವ ಯಂತ್ರ ಒಂದು ಸೊಳ್ಳೆಯನ್ನೂ ಹಿಡಿಯದೆ, ಮನೆ ಆಶೀರ್ವದಿಸಲು ಬಂದ ಪಾದ್ರಿಗಳ ಕನ್ನಡಕವನ್ನು ಹಿಡಿದು ನುಂಗಿತ್ತು.

“ಇದರ ಹೆಸರು ತಾಜಾ,” ಎಂದ ಆಲ್ಬನ್, ಡ್ರಮ್ಮಿನ ಬೆನ್ನು ತಟ್ಟುತ್ತ. “ಐಸ್ ಪ್ಲಾಂಟಿನಲ್ಲಿ ನಾನು ಎಂತ ಮಾಡ್ತಿದ್ದೆ ಹೇಳು. ಮೀನಿನ ಸಮಯವನ್ನು ನಿಲ್ಲಿಸ್ತಿದ್ದೆ. ಇದು ಸಮಯವನ್ನು ಹಿಂದಕ್ಕೆ ತಳ್ತದೆ. ಹಳಸಿದ್ದು ಅಂತ ಇನ್ನು ಮನೆಯಲ್ಲಿ ಇರ್ಲಿಕ್ಕೇ ಇಲ್ಲ.”

ನಿನ್ನೆಯ ಒಂದು ಬನ್ಸನ್ನು ಅವನು ಡ್ರಮ್ಮಿನೊಳಗೆ ಇಟ್ಟ. ಅದು ಆರಿ, ಬಿಗಿದು, ನಾಯಿಗೆ ಎಸೆದರೆ ನಾಯಿಯೇ ಮುನಿಸಿಕೊಳ್ಳುವಂತಾಗಿತ್ತು. ಹಳೆಯ ಫ್ಯಾನಿನ ರೆಗ್ಯುಲೇಟರನ್ನು ಕಿತ್ತು ಡ್ರಮ್ಮಿಗೆ ಜೋಡಿಸಿದ್ದ. ಅದನ್ನು ಒಂದು ಗೆರೆ ತಿರುಗಿಸಿದ. ಡ್ರಮ್ ಗುರ್ ಎಂದಿತು, ಬಿಕ್ಕಳಿಸಿತು, ಸುಮ್ಮನಾಯಿತು. ಮುಚ್ಚಳ ತೆರೆದರೆ ಬನ್ಸ್ ಈಗಷ್ಟೇ ಎಣ್ಣೆಯಿಂದ ಎದ್ದ ಹಾಗೆ ಉಬ್ಬಿಕೊಂಡು, ಬಿಸಿ ಉಸಿರು ಬಿಡುತ್ತಿತ್ತು.

ಸೆವ್ರಿನ್ ಮುರಿದು ಬಾಯಿಗೆ ಹಾಕಿದಳು. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು. ಕೆಟ್ಟಿದ್ದರೆ ಈಗಲೇ ಗುಜರಿಯವನನ್ನು ಕರೆಯಬಹುದಿತ್ತು.

“ಬನ್ಸ್ ನಾನೇ ಮಾಡಿ ಕೊಡ್ತಿದ್ದೆನಲ್ಲ. ಅದಕ್ಕೆ ಇಷ್ಟು ದೊಡ್ಡ ಸಾಮಾನು ಬೇಕಿತ್ತಾ?”

“ನೀನು ಮಾಡುವುದು ಬೇರೆ. ಇದು ಆವಿಷ್ಕಾರ.”

“ಆವಿಷ್ಕಾರವನ್ನು ಸಂಜೆಯ ಒಳಗೆ ಇಲ್ಲಿಂದ ಎತ್ತಬೇಕು. ಇಲ್ಲದಿದ್ರೆ ನಾನೇ ಎತ್ತುತ್ತೇನೆ. ಎಲ್ಲಿಗೆ ಅಂತ ಆಮೇಲೆ ಕೇಳ್ಬೇಡಿ.”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೆಮ್ಮು ಕೇಳಿತು. ಆಲ್ಬನನ ಅಪ್ಪ ಬೊನಿಫಾಸ್ ಎಂಬತ್ತು ದಾಟಿದವರು. ಹಡಗಿನಲ್ಲಿ ಬಟ್ಲರ್ ಆಗಿ ದೇಶದೇಶದ ನೀರು ಕುಡಿದಿದ್ದ ಅವರನ್ನು ಈ ಮಳೆಗಾಲದ ಟೈಫಾಯ್ಡ್ ಮಲಗಿಸಿಬಿಟ್ಟಿತ್ತು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಬಾಯಿಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಸೆವ್ರಿನ್ ಏನು ಮಾಡಿ ಕೊಟ್ಟರೂ ಎರಡು ಚಮಚಕ್ಕೆ ಮುಖ ತಿರುಗಿಸುತ್ತಿದ್ದರು. ‘ಹೀಗೇ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಿ ನಳಿಕೆ ಹಾಕಬೇಕಾಗುತ್ತದೆ’ ಎಂದು ಡಾಕ್ಟರು ಹೇಳಿಹೋಗಿದ್ದರು.

ಸೆವ್ರಿನ್ ಕೋಣೆಗೆ ಹೋದಳು.

“ಎಂತ ಮಾವ, ನೀರು ಬೇಕಾ?”

ಬೊನಿಫಾಸ್ ಮಾಡಿನ ಹೆಂಚುಗಳತ್ತ ನೋಡುತ್ತ ಕೇಳಿದರು: “ಗ್ರೆಟ್ಟಾಳ ಮಗಳ ನಿಶ್ಚಿತಾರ್ಥದ ಹ್ಯಾಮು ಉಳಿದಿತ್ತು ಅಂತ ಹೇಳಿದ್ದಿ ಅಲ್ವಾ? ಅದರ ಎಲುಬು ಉಂಟಾ?”

“ಉಂಟು. ಎಲುಬೂ ಉಂಟು, ಮಾಂಸವೂ ಉಂಟು.”

“ಹಡಗಿನಲ್ಲಿ ಚಳಿಗೆ ಒಂದು ಸೂಪು ಮಾಡ್ತಿದ್ದರು. ಹ್ಯಾಮಿನ ಎಲುಬು ಹಾಕಿ, ತರಕಾರಿ ಹಾಕಿ, ಪಾಸ್ತಾ ಹಾಕಿ ಮಂದ ಮಾಡುವುದು. ನೀನೂ ಒಮ್ಮೆ ಮಾಡಿದ್ದಿ. ಅದು ಇದ್ರೆ ಒಂದು ಬಟ್ಟಲು ಕುಡೀಬಹುದು ಅಂತ ಅನಿಸ್ತದೆ.”

ಸೆವ್ರಿನ್‌ಳ ಕಣ್ಣು ತುಂಬಿತು. ಅದನ್ನು ತೋರಿಸಲು ಮನಸ್ಸಾಗದೆ, “ಅಷ್ಟು ಹೇಳ್ಲಿಕ್ಕೆ ಇಷ್ಟು ದಿನ ಬೇಕಿತ್ತಾ ನಿಮಗೆ?” ಎಂದು ಗದರಿಸಿ ಎದ್ದಳು.

ಗ್ರೆಟ್ಟಾ ಆಲ್ಬನನ ತಂಗಿ, ಗಿಲ್ಬರ್ಟನ ಹೆಂಡತಿ. ನಿಶ್ಚಿತಾರ್ಥದ ದಿನ ಊಟಕ್ಕೆ ಒಂದು ಇಡೀ ಹ್ಯಾಮು ತರಿಸಿದ್ದಳು. ಉಪ್ಪಿನಲ್ಲಿ ನೆನೆಸಿ, ಹೊಗೆ ಹಿಡಿಸಿ, ಬೇಯಿಸಿದ ಹಂದಿಯ ಹಿಂಗಾಲು. ಜತೆಗೆ ಟೊಮೆಟೊ, ಚೀಸ್ ಹಾಕಿದ ಪಾಸ್ತಾ. ನೆಂಟರು ಬಿರಿಯಾನಿಯ ಮೇಲೆ ಮುಗಿಬಿದ್ದು ಪಾಸ್ತಾವನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಉಳಿದ ಹ್ಯಾಮಿನ ಹೋಳುಗಳನ್ನು ಗ್ರೆಟ್ಟಾ ಇಟ್ಟುಕೊಂಡು, ಎಲುಬಿನ ಭಾಗವನ್ನೂ ಪಾಸ್ತಾವನ್ನೂ ಅತ್ತಿಗೆಗೆ ಕಟ್ಟಿಕೊಟ್ಟಿದ್ದಳು.

ಸೆವ್ರಿನ್ ಎರಡನ್ನೂ ಫ್ರಿಜ್ಜಿನಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಬಟಾಟೆ, ಬೀನ್ಸ್, ಕ್ಯಾರೆಟ್ ಹೆಚ್ಚಿದಳು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟಳು. ಕಾಳುಮೆಣಸು ಮುಗಿದಿತ್ತು. ಪಕ್ಕದ ಮನೆಯ ಕಾರ್ಮಿನ್ ಬಾಯಿಯ ಹತ್ತಿರ ಒಂದು ಹಿಡಿ ಕೇಳಿ ತರೋಣವೆಂದು ಹೊರಟಳು. ಹೊರಡುವಾಗ ಗಂಡನ ಕಡೆ ಬೆರಳು ತೋರಿಸಿ, “ಕಟ್ಟೆಯ ಮೇಲಿನದನ್ನು ಮುಟ್ಟಬೇಡಿ” ಎಂದಳು.

ಅದೇ ಅವಳು ಮಾಡಿದ ತಪ್ಪು. ಕಟ್ಟೆಯ ಮೇಲೆ ಏನಿದೆಯೆಂದು ಆಲ್ಬನ್ ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಅವಳು ಮೆಣಸು ಹಿಡಿದು ಮರಳಿದಾಗ ಕಟ್ಟೆಯ ಮೇಲೆ ಒಂದು ಇಡೀ ಹ್ಯಾಮು ಇತ್ತು. ಚಾಕು ತಾಗದ, ಗುಂಡುಗುಂಡಾದ, ಮೈಯೆಲ್ಲ ಮಿರಿಮಿರಿ ಮಿಂಚುವ ಹ್ಯಾಮು.

“ನೋಡು,” ಎಂದ ಆಲ್ಬನ್. ಮುಖ ಹಬ್ಬದ ದೀಪದ ಹಾಗಿತ್ತು. “ಹಳೆ ಹ್ಯಾಮನ್ನು ಅಪ್ಪನಿಗೆ ಕೊಡ್ತಿದ್ದಿ ನೀನು. ಈಗ ನಿಶ್ಚಿತಾರ್ಥದ ಬೆಳಿಗ್ಗೆ ಹೇಗಿತ್ತೋ ಹಾಗೆ ಉಂಟು.”

“ಮುಟ್ಟಬೇಡಿ ಅಂತ ಹೇಳಿದ್ದು ಯಾರಿಗೆ? ಗೋಡೆಗಾ?” ಎಂದ ಸೆವ್ರಿನ್‌ಗೆ ಮಾತಿನ ನಡುವೆಯೇ ಒಂದು ಸಂಶಯ ಬಂತು. “ಅಲ್ಲ, ಇದರಿಂದ ತುಂಡು ಮಾಡಿ ತೆಗೆದದ್ದೆಲ್ಲ ಎಲ್ಲಿಂದ ಬಂತು?”

ಉತ್ತರ ಫೋನಿನಲ್ಲಿ ಬಂತು. ಗ್ರೆಟ್ಟಾ.

“ಅತ್ತಿಗೆ, ನೀವು ಈಗ ನಮ್ಮ ಮನೆಗೆ ಬಂದಿದ್ರಾ?”

“ನಾನ್ಯಾಕೆ ಬರ್ಲಿ?”

“ಫ್ರಿಜ್ಜಿನಲ್ಲಿ ಇಟ್ಟ ಹ್ಯಾಮು ಇಲ್ಲ ಅತ್ತಿಗೆ. ಡಬ್ಬಿ ಉಂಟು, ಹ್ಯಾಮಿಲ್ಲ. ಗಿಲ್ಬರ್ಟ್ ಬ್ರೆಡ್ಡಿನ ನಡುವೆ ಇಟ್ಟು ಬಾಯಿಗೆ ಹಾಕಿದ್ದಾರೆ, ಕಚ್ಚುವಷ್ಟರಲ್ಲಿ ಅದೂ ಮಾಯ. ನಾಲಗೆ ಕಚ್ಚಿಕೊಂಡು ಕೂತಿದ್ದಾರೆ ಇಲ್ಲಿ. ನೀವು ಆವತ್ತೇ ಆ ಹ್ಯಾಮನ್ನು ಒಂದು ಥರ ನೋಡ್ತಿದ್ರಿ. ಅದಕ್ಕೆ ಕೇಳಿದೆ.”

ಸೆವ್ರಿನ್‌ಳ ಮೈ ಉರಿಯಿತು. ಮೂವತ್ತೈದು ವರ್ಷ ಆ ಮನೆಯ ಸೊಸೆಯಾಗಿ ಬಾಳಿ, ಈಗ ಹ್ಯಾಮುಗಳ್ಳಿ ಎನಿಸಿಕೊಳ್ಳುವುದು ಬಾಕಿಯಿತ್ತು. ಅವಳು ಫೋನನ್ನು ಕೈಯಲ್ಲಿ ಹಿಡಿದು, ಗ್ರೆಟ್ಟಾಳಿಗೆ ಕೊಡಬೇಕಾದ ಉತ್ತರವನ್ನು ಕೊಡಲು ಜಗಲಿಗೆ ಹೋದಳು. ಉತ್ತರ ಉದ್ದವಾಗಿತ್ತು. ಅದರಲ್ಲಿ ಗ್ರೆಟ್ಟಾಳ ಮದುವೆಯ ಕಾಲದ ಸಂಗತಿಗಳೂ ಸೇರಿದವು.

ಇತ್ತ ಅಡುಗೆಮನೆಯಲ್ಲಿ ಆಲ್ಬನ್ ಹ್ಯಾಮಿನ ಅಂಚನ್ನು ಚಿವುಟಿ ರುಚಿ ನೋಡಿದ. ಉಪ್ಪು. ಅಪ್ಪನಿಗೆ ಉಪ್ಪು ಕಡಿಮೆ ಕೊಡಿ ಎಂದು ಡಾಕ್ಟರು ಹೇಳಿದ್ದರಲ್ಲ. ಇನ್ನೊಂದೇ ಗೆರೆ ಹಿಂದೆ ಹೋದರೆ ಉಪ್ಪು ಹಾಕುವ ಮೊದಲಿನ ಹ್ಯಾಮು ಸಿಗುತ್ತದೆ. ತಾನು ಮಾಡುತ್ತಿರುವುದು ಹೆಂಡತಿಗೆ ಸಹಾಯ ಎಂದೇ ಅವನು ಪ್ರಾಮಾಣಿಕವಾಗಿ ನಂಬಿದ್ದ. ಹ್ಯಾಮನ್ನು ಮತ್ತೆ ಡ್ರಮ್ಮಿಗಿಳಿಸಿ, ಪಾಸ್ತಾವೂ ತಾಜಾ ಆಗಲೆಂದು ಅದನ್ನೂ ಮೇಲಿನಿಂದ ಸುರಿದು, ರೆಗ್ಯುಲೇಟರ್ ತಿರುಗಿಸಿದ.

ಗೆರೆ ದಾಟಿತು. ರೆಗ್ಯುಲೇಟರ್ ನಿಲ್ಲಲಿಲ್ಲ. ಹಳೆಯ ಫ್ಯಾನಿನಲ್ಲಿದ್ದಾಗಲೂ ಅದು ಒಮ್ಮೆ ತಿರುಗಿದರೆ ನಿಲ್ಲುತ್ತಿರಲಿಲ್ಲ. ಆ ಫ್ಯಾನನ್ನು ಗುಜರಿಗೆ ಹಾಕಿದ್ದೇ ಅದಕ್ಕೆ.

ಸೆವ್ರಿನ್ ಗ್ರೆಟ್ಟಾಳನ್ನು ಮುಗಿಸಿ ಬಂದಾಗ ಮೊದಲು ಕಂಡದ್ದು ಹಾಲು. ಪಾಸ್ತಾದ ಚೀಸು ತನ್ನ ಮೂಲಕ್ಕೆ ಮರಳಿ, ಮುಚ್ಚಳದ ಸಂದಿಯಿಂದ ಧಾರೆಯಾಗಿ ಇಳಿದು ನೆಲವೆಲ್ಲ ಹರಿಯುತ್ತಿತ್ತು. ಹಾಲಿನ ಮೇಲೆ ಹಿಟ್ಟು ಹಾರಿತು. ಹಿಟ್ಟು ನೋಡುನೋಡುತ್ತ ಗೋಧಿಯಾಗಿ ಪಟಪಟ ಉದುರಿತು. ಉದುರಿದ ಗೋಧಿ ತೆನೆಯಾಗಿ ಎದ್ದು ನಿಂತಿತು. ಟೊಮೆಟೊ ಬಳ್ಳಿಯೊಂದು ಗ್ಯಾಸ್ ಸಿಲಿಂಡರಿಗೆ ಸುತ್ತಿಕೊಂಡು ಹೂ ಬಿಟ್ಟಿತು.

“ನಿಲ್ಲಿಸಿ ಅದನ್ನು.”

“ನಿಲ್ಲುವುದಿಲ್ಲ. ಗುಂಡಿ ಸಿಕ್ಕಿಬಿದ್ದಿದೆ.”

“ಹಾಲು ಬಂತು. ಇನ್ನು ಎಮ್ಮೆ ಬರ್ತದಾ?”

“ಎಮ್ಮೆ ಬರ್ಲಿಕ್ಕಿಲ್ಲ,” ಎಂದ ಆಲ್ಬನ್, ಲೆಕ್ಕ ಹಾಕುವವನ ಹಾಗೆ. “ಚೀಸಿನಲ್ಲಿ ಎಮ್ಮೆಯ ಅಂಶ ಕಡಿಮೆ.”

“ಹ್ಯಾಮಿನಲ್ಲಿ?”

ಡ್ರಮ್ಮಿನೊಳಗಿನಿಂದ ಒಂದು ಗುಟುರು ಕೇಳಿತು.

ಮುಚ್ಚಳ ಹಾರಿ ಮಾಡಿಗೆ ಬಡಿಯಿತು. ಮೊದಲು ಒಂದು ಗೊರಸು ಹೊರಗೆ ಬಂತು. ಆಮೇಲೆ ಕಿವಿ. ಆಮೇಲೆ, ಇಷ್ಟು ದೊಡ್ಡದು ಅಷ್ಟು ಚಿಕ್ಕದರೊಳಗೆ ಹೇಗಿತ್ತೆಂದು ಯಾರೂ ಹೇಳಲಾಗದಂತೆ, ಬಿಳಿಯ ದಷ್ಟಪುಷ್ಟ ಹಂದಿಯೊಂದು ಡ್ರಮ್ಮನ್ನು ಉರುಳಿಸಿ ಕಟ್ಟೆಯಿಂದ ನೆಲಕ್ಕೆ ಧುಮುಕಿತು. ತನಗೆ ಈ ಮೊದಲು ಏನೇನಾಗಿತ್ತೆಂಬುದು ಅದಕ್ಕೆ ಪೂರ್ತಿ ನೆನಪಿದ್ದ ಹಾಗಿತ್ತು. ಆಲ್ಬನನನ್ನು ಒಮ್ಮೆ, ಸೆವ್ರಿನ್‌ಳನ್ನು ಒಮ್ಮೆ ನೋಡಿತು. ಸೆವ್ರಿನ್‌ಳ ಕೈಯಲ್ಲಿದ್ದ ಕಾಳುಮೆಣಸಿನ ಪೊಟ್ಟಣವನ್ನು ಬಹಳ ಹೊತ್ತು ನೋಡಿತು. ಆಮೇಲೆ ಹೆಚ್ಚಿಟ್ಟ ಬಟಾಟೆ, ಬೀನ್ಸ್, ಕ್ಯಾರೆಟ್‌ಗಳ ತಟ್ಟೆಗೆ ಮೂತಿ ಹಾಕಿ ಒಂದೇ ಗುಕ್ಕಿಗೆ ಖಾಲಿ ಮಾಡಿತು.

ಅದೇ ಹೊತ್ತಿಗೆ ಹಿಂಬಾಗಿಲಲ್ಲಿ ಕಾರ್ಮಿನ್ ಬಾಯಿ ಕಾಣಿಸಿಕೊಂಡಳು. ಕೈಯಲ್ಲಿ ಒಂದು ಮಡಕೆ.

“ಸೆವ್ರಿನ್, ನಿಮ್ಮ ಬೆಕ್ಕು ಈ ಕಡೆ ಬಂತಾ? ಆದಿತ್ಯವಾರ ಮಾಡಿದ ಹಂದಿ ಬಫಾತ್, ಇವತ್ತಿಗೆ ರುಚಿ ಕೂತಿತ್ತು. ಒಲೆಯ ಮೇಲೆ ಬಿಸಿಗಿಟ್ಟು ತಿರುಗಿ ನೋಡ್ತೇನೆ, ಬರೀ ಗಸಿ. ಒಂದು ತುಂಡಿಲ್ಲ.” ಅಷ್ಟು ಹೇಳುವಾಗ ಅವಳ ಕಣ್ಣು ಹಂದಿಯ ಮೇಲೆ ಬಿತ್ತು. ಹಂದಿ ತಿರುಗಿ ಮಡಕೆಯನ್ನು ಮೂಸಿ ನೋಡಿತು. ಪರಿಚಯದವರ ಮನೆಗೆ ಬಂದ ಹಾಗೆ ಮೆಲ್ಲಗೆ ಬಾಲ ಆಡಿಸಿತು.

ಕಾರ್ಮಿನ್ ಬಾಯಿ ಮಡಕೆಯನ್ನು ಅಲ್ಲೇ ಇಟ್ಟು, ಶಿಲುಬೆಯ ಗುರುತು ಮಾಡಿಕೊಂಡು, ಬಂದ ದಾರಿಯಲ್ಲೇ ಹೋದಳು.

ಆಗ ಸೆವ್ರಿನ್‌ಗೆ ನಿಜವಾದ ಸಿಟ್ಟು ಬಂತು. ಇಲ್ಲಿಯವರೆಗಿನದೆಲ್ಲ ಅದರ ಮುನ್ನುಡಿ. ಅವಳು ಸೌಟನ್ನು ಕೈಗೆತ್ತಿಕೊಂಡಳು, ದನಿ ಏರಿಸಲಿಲ್ಲ. ಆಲ್ಬನ್ ಹೆದರಿದ್ದು ಅದಕ್ಕೇ.

“ಜ್ವರ ಬಿಟ್ಟಾಗಿನಿಂದ ನಾನು ಎಂತೆಂತ ಮಾಡಿ ಹಾಕ್ಲಿಲ್ಲ ನಿಮ್ಮ ಅಪ್ಪನಿಗೆ? ಗಂಜಿ ಮಾಡಿದೆ, ಬೇಡ. ಕೋಳಿ ರಸ ಮಾಡಿದೆ, ಬೇಡ. ರಾಗಿ ಮಣ್ಣಿ ಮಾಡಿದೆ, ಅದೂ ಬೇಡ. ಚಮಚ ಹಿಡಿದು ಕೂತು ಕೂತು ನನ್ನ ಸೊಂಟ ಹೋಯ್ತು. ನೀವು ಒಂದು ದಿನ ಬಂದು ಕೂತ್ರಾ? ಕೊಟ್ಟಿಗೆಯಲ್ಲಿ ಕೂತು ಸ್ಕ್ರೂ ತಿರುಗಿಸ್ತಿದ್ರಿ. ಇವತ್ತು ಅವರಾಗಿ ಬಾಯಿ ಬಿಟ್ಟು ಒಂದು ಕೇಳಿದ್ರು. ಒಂದೇ ಒಂದು. ಅದಕ್ಕೆ ನೀವು ನಾಲ್ಕು ಕಾಲು ಬರಿಸಿ ನಿಲ್ಲಿಸಿದ್ದೀರಿ. ಈಗ ನಾನು ಅವರ ಹತ್ತಿರ ಹೋಗಿ ಎಂತ ಹೇಳ್ಬೇಕು? ಮಾವ, ಸೂಪು ಓಡಾಡ್ತಾ ಉಂಟು, ಸ್ವಲ್ಪ ತಡೀರಿ ಅಂತ ಹೇಳ್ಬೇಕಾ?”

ಆಲ್ಬನ್ ತಲೆ ತಗ್ಗಿಸಿದ. ಮೀಸೆಯ ಮೇಲೆ ಗೋಧಿಹಿಟ್ಟು ಕೂತಿತ್ತು.

“ನಾನು ಇದನ್ನು ಬನ್ಸಿಗೆ ಅಂತ ಮಾಡಿದ್ದಲ್ಲ ಸೆವ್ರಿನ್.”

“ಮತ್ತೆ ಯಾರಿಗೆ?”

“ಅಪ್ಪನಿಗೆ.” ಅವನ ದನಿ ಸಣ್ಣದಾಗಿತ್ತು. “ಸ್ವಲ್ಪ ದೊಡ್ಡ ಡ್ರಮ್ ಒಂದನ್ನು ಹುಡುಕಿಟ್ಟಿದ್ದೇನೆ. ಜಾಸ್ತಿ ಬೇಡ, ಒಂದೆರಡು ವರ್ಷ ಹಿಂದೆ. ಜ್ವರ ಬರುವ ಮೊದಲು ಹೇಗಿದ್ರೋ ಹಾಗೆ. ಅವರು ಆ ಕೋಣೆಯಲ್ಲಿ ಮಲಗಿದ್ದು ನೋಡ್ಲಿಕ್ಕೆ ನನಗೆ ಆಗುವುದಿಲ್ಲ. ಅದಕ್ಕೇ ಕೊಟ್ಟಿಗೆಯಲ್ಲಿ ಕೂರುವುದು.”

ಸೆವ್ರಿನ್‌ಳ ಸೌಟು ಅರ್ಧದಲ್ಲೇ ನಿಂತಿತು. ಅವಳ ಸಿಟ್ಟೇನೂ ಹೋಗಲಿಲ್ಲ, ಎಲ್ಲಿ ಹೋಗಿ ಕೂರಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ ಅಷ್ಟೆ.

“ಯಾರು ಅದು, ನನ್ನನ್ನು ಡ್ರಮ್ಮಿಗೆ ಹಾಕುವವರು?”

ಇಬ್ಬರೂ ತಿರುಗಿದರು. ಬೊನಿಫಾಸ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಜ್ವರದಲ್ಲಿ ಮಲಗಿದ ಮೇಲೆ ಒಬ್ಬರೇ ಹಾಸಿಗೆಯಿಂದ ಎದ್ದದ್ದು ಅದೇ ಮೊದಲು. ಪಂಚೆ ಜಾರುತ್ತಿತ್ತು, ಕಣ್ಣು ಮಾತ್ರ ಹಂದಿಯ ಮೇಲೆ ನೆಟ್ಟಿತ್ತು. ಸೆವ್ರಿನ್ ಓಡಿ ಸ್ಟೂಲು ಕೊಟ್ಟಳು. ಅವರು ಕೂತು, ಹಂದಿಯನ್ನು ಮೇಲಿಂದ ಕೆಳಗೆ ನೋಡಿ, ಡ್ರಮ್ಮನ್ನು ನೋಡಿ, ಮಗನನ್ನು ನೋಡಿದರು.

“ಅಂದ್ರೆ, ಇದರೊಳಗೆ ಹಾಕಿದ್ರೆ ನಾನು ಹಿಂದೆ ಹೋಗ್ತೇನೆ.”

“ಹೌದಪ್ಪ.”

“ಗುಂಡಿ ಸಿಕ್ಕಿಬಿದ್ರೆ ನಿಲ್ಲುವುದೇ ಇಲ್ಲ.”

“ಅದನ್ನು ಸರಿ ಮಾಡ್ತೇನೆ.”

“ಬೇಡ ಮಾರಾಯ,” ಎಂದರು ಬೊನಿಫಾಸ್. “ಹಾಗೆ ಹಿಂದೆ ಹಿಂದೆ ಹೋದ್ರೆ ನಿನ್ನನ್ನು ಪುನಃ ಮೊದಲಿಂದ ಸಾಕ್ಬೇಕಾಗ್ತದೆ. ಒಮ್ಮೆ ಸಾಕಿದ್ದೇ ನನಗೆ ಸಾಕಾಗಿದೆ.”

ಮುದುಕರು ಕೈ ಚಾಚಿ ಮಗನ ಮೀಸೆಯ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಸೊಸೆಯ ಕಡೆ ತಿರುಗಿ, “ಸೂಪು ಎಷ್ಟು ಹೊತ್ತಿಗೆ ಆಗ್ತದೆ ಮಗಾ? ಹೊಟ್ಟೆ ಚುರುಗುಟ್ತದೆ” ಎಂದರು.

ಸೆವ್ರಿನ್ ಮತ್ತೆ ಯಾರನ್ನೂ ಕೇಳಲಿಲ್ಲ. ಸೀದಾ ಹೋಗಿ ಗೋಡೆಯಿಂದ ಪ್ಲಗ್ಗನ್ನು ಕಿತ್ತು ಎಸೆದಳು.

ತಡೆದಿಟ್ಟ ಸಮಯವೆಲ್ಲ ಒಮ್ಮೆಗೇ ಮುಂದಕ್ಕೆ ನುಗ್ಗಿತು. ತೆನೆಗಳು ಬಾಗಿ, ಉದುರಿ, ಹಿಟ್ಟಾಗಿ, ನೆಲದ ಹಾಲನ್ನೂ ಟೊಮೆಟೊ ಬಳ್ಳಿಯನ್ನೂ ಎಳೆದುಕೊಂಡು ತಮ್ಮ ಪಾತ್ರೆಯೊಳಗೆ ಪಾಸ್ತಾ ಆಗಿ ಕೂತವು. ಹಂದಿ ಒಮ್ಮೆ ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು, ಇದು ತನಗೆ ಮೊದಲೇ ಗೊತ್ತಿತ್ತು ಎನ್ನುವ ಹಾಗೆ. ಅದು ನಿಂತ ಜಾಗದಲ್ಲಿ ಬೆಳಗಿನ ಹಳೆಯ ಹ್ಯಾಮಿನ ತುಂಡು, ಎಲುಬಿನ ಸಮೇತ, ಬಿದ್ದಿತ್ತು. ಹಿಂಬಾಗಿಲ ಬಳಿಯ ಮಡಕೆಯಲ್ಲಿ ಪ್ಲಪ್ ಪ್ಲಪ್ ಎಂದು ಬಫಾತಿನ ತುಂಡುಗಳು ಬಿದ್ದವು. ಫೋನು ಮತ್ತೆ ಹೊಡೆದುಕೊಂಡಿತು. ತನ್ನ ಪಾಲಿನ ಹ್ಯಾಮು ಮರಳಿ ಬಂತೆಂದೂ, ಅಷ್ಟೂ ಒಟ್ಟಿಗೇ ಗಿಲ್ಬರ್ಟನ ಬಾಯಿಗೇ ಬಂತೆಂದೂ ಗ್ರೆಟ್ಟಾ ಹೇಳಿದಳು. “ಅಗಿಯಲಿ,” ಎಂದು ಸೆವ್ರಿನ್ ಫೋನು ಇಟ್ಟಳು.

ಹಂದಿ ತಿಂದ ತರಕಾರಿ ಮಾತ್ರ ಮರಳಲಿಲ್ಲ. ಅಂದರೆ, ಮರಳಿದ ರೂಪ ಹೇಳುವಂಥದ್ದಲ್ಲ. ಅದನ್ನು ಆಲ್ಬನನಿಂದಲೇ ಬಾಚಿಸಿ, ನೆಲ ತೊಳೆಸಿ, ಚೀಲ ಕೊಟ್ಟು ಅಂಗಡಿಗೆ ಅಟ್ಟಿದಳು. “ಕ್ಯಾರೆಟ್ ಇಲ್ಲದೆ ಬಂದ್ರೆ ಗೇಟಿನ ಹೊರಗೇ ನಿಲ್ಲಿ.”

ಆಮೇಲೆ ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಹ್ಯಾಮನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದಳು. ತೊಳೆಯುವಾಗ ಅದಕ್ಕೆ ಮೆಲ್ಲಗೆ ಎರಡು ಸಮಾಧಾನದ ಮಾತು ಹೇಳಿದಳೆಂದು ಸ್ಟೂಲಿನ ಮೇಲೆ ಕೂತಿದ್ದ ಬೊನಿಫಾಸ್ ಆಮೇಲೆ ಹೇಳುತ್ತಿದ್ದರು. ಎಲುಬನ್ನು ನೀರಿಗೆ ಹಾಕಿ, ಜಜ್ಜಿದ ಬೆಳ್ಳುಳ್ಳಿ, ನೀರುಳ್ಳಿ, ಕಾಳುಮೆಣಸು ಸೇರಿಸಿ ಸಣ್ಣ ಉರಿಯಲ್ಲಿ ಬಿಟ್ಟಳು. ಎಲುಬಿನ ಸಾರವೆಲ್ಲ ನೀರಿಗಿಳಿದು ಮನೆ ತುಂಬ ಪರಿಮಳ ಏಳುವವರೆಗೆ ಅದನ್ನು ಕಲಕಲೂ ಇಲ್ಲ. ಬಟಾಟೆ, ಬೀನ್ಸ್, ಕ್ಯಾರೆಟ್ ಬೆಂದವು. ಎಲುಬು ಹೊರತೆಗೆದು, ಮಾಂಸವನ್ನು ಬೆರಳಿನಲ್ಲೇ ಎಳೆ ಎಳೆಯಾಗಿ ಬಿಡಿಸಿ ಮರಳಿ ಹಾಕಿದಳು. ಪಾಸ್ತಾ ಕೊನೆಗೆ, ಮೊದಲೇ ಹಾಕಿದರೆ ಕರಗಿ ಅಂಟಾಗುತ್ತದೆ. ಒಂದು ಕುದಿ ಬಂದ ಮೇಲೆ ಇಳಿಸಿ, ಲಿಂಬೆ ಹಿಂಡಿದಳು.

ಬೊನಿಫಾಸ್ ಮೊದಲ ಬಟ್ಟಲನ್ನು ಕುಡಿದು ಮುಗಿಸಿದರು. ಎರಡನೆಯದನ್ನು ಕೇಳಿ ಪಡೆದರು. ಬಟ್ಟಲ ತಳವನ್ನು ಚಮಚದಲ್ಲಿ ಕೆರೆಯುವ ಸದ್ದು ಕೇಳಿ ಆಲ್ಬನ್ ಜಗಲಿಯಲ್ಲಿ ಕಣ್ಣೊರೆಸಿಕೊಂಡ. ಸೆವ್ರಿನ್ ಅದನ್ನು ನೋಡಿದಳು, ಅವನಿಗೂ ಒಂದು ಬಟ್ಟಲು ಸೂಪು ಕೊಂಡುಹೋಗಿ ಎದುರಿಗೆ ಕುಕ್ಕಿದಳು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲೆಂದು ಸೆವ್ರಿನ್ ಮುಚ್ಚಳ ತೆಗೆದರೆ, ಪಾತ್ರೆ ಕಂಠಮಟ್ಟ ತುಂಬಿತ್ತು. ಬಿಸಿಬಿಸಿ ಸೂಪು, ಲಿಂಬೆಯ ಪರಿಮಳದ ಸಮೇತ. ಮೂರೂ ಮಂದಿ ಕುಡಿದರು. ಅದರ ಮರುದಿನವೂ ತುಂಬಿತ್ತು. ಯಂತ್ರದೊಳಗೆ ಹೋಗಿಬಂದ ಹ್ಯಾಮೂ ಪಾಸ್ತಾವೂ ಹಿಂದಕ್ಕೆ ಹೋಗುವ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಬೆಳಗಾಗುವಷ್ಟರಲ್ಲಿ ಒಲೆಯಿಂದ ಇಳಿಸಿದ ಗಳಿಗೆಗೆ ಮರಳುತ್ತಿದ್ದವು. ತಿಂದವರ ಹೊಟ್ಟೆಯಲ್ಲೂ ಉಳಿದು ಪಾತ್ರೆಯಲ್ಲೂ ಇರುವುದು ಹೇಗೆಂದು ಆಲ್ಬನನಿಗೂ ಗೊತ್ತಿರಲಿಲ್ಲ. ಆದರೂ ಊಟದ ಹೊತ್ತೆಲ್ಲ ವಿವರಿಸಿದ.

ಸೆವ್ರಿನ್ ಗ್ರೆಟ್ಟಾಳ ಮನೆಗೆ ಕೊಟ್ಟಳು. ಕಾರ್ಮಿನ್ ಬಾಯಿಗೆ ಕೊಟ್ಟಳು. ಚರ್ಚಿನ ವಾರ್ಡಿನ ಪ್ರಾರ್ಥನೆಗೆ ಬಂದವರಿಗೆಲ್ಲ ಬಡಿಸಿದಳು. ರೋಸಿಹೋಗಿ ಒಂದು ದಿನ ತೆಂಗಿನ ಬುಡಕ್ಕೂ ಸುರಿದಳು. ಬೆಳಿಗ್ಗೆ ಪಾತ್ರೆ ತುಂಬಿಯೇ ಇರುತ್ತಿತ್ತು. ಇನ್ನೊಮ್ಮೆ ಸೂಪು ತಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಗ್ರೆಟ್ಟಾ ಹೇಳಿಕಳಿಸಿದಳು. ಉಳಿದ ಅನ್ನ, ಉಳಿದ ಸಾರು ಏನಿದ್ದರೂ ಬಿಸಾಡುವುದು ಪಾಪವೆಂದು ಸೆವ್ರಿನ್ ಕಲಿತಿದ್ದಳು. ಆದರೆ ಪಾಪ ಮಾಡಲೂ ಬಿಡದ ಪದಾರ್ಥವನ್ನು ಅವಳು ಕಂಡದ್ದು ಇದೇ ಮೊದಲು.

ಬೊನಿಫಾಸರ ಕೆನ್ನೆ ತುಂಬಿತು. ಕೋಲಿಲ್ಲದೆ ಗೇಟಿನವರೆಗೆ ಹೋಗಿ ಬರತೊಡಗಿದರು. ಒಂದು ಮಧ್ಯಾಹ್ನ, ಹೊರಗಿನ ರಸ್ತೆಯಲ್ಲಿ ಮೀನಿನವಳ ಕೂಗು ಕೇಳಿ, ಅವರು ಊಟಕ್ಕೆ ಕೂತಲ್ಲಿಂದ ತಲೆಯೆತ್ತಿದರು.

“ಬಂಗುಡೆ ಬಂದ ಹಾಗೆ ಉಂಟು ಮಗಾ. ಖಾರದ ಪುಳಿಮುಂಚಿ ಮಾಡಿದ್ರೆ ಹೇಗೆ ಇವತ್ತು?”

ಸೆವ್ರಿನ್ ಮಾವನ ಮುಂದೆ ಬಟ್ಟಲನ್ನು ಇಟ್ಟು, ಸೌಟು ತುಂಬ ಸೂಪು ಸುರಿದಳು.

“ಮೊದಲು ಇದು ಮುಗೀಲಿ,” ಎಂದಳು.